ನೀರು ಕುಡಿದ ಮೇಲೆ ಸುದ್ದಿ

ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವಂತಿರಲಿಲ್ಲ. ಮೊದಲು ಕುಂದ್ರಿ ಅನ್ನಬೇಕು. ಆಮೇಲೆ ತಂಬಿಗೆಯಲ್ಲಿ ನೀರು, ಅದರ ಜೊತೆ ಒಂದು ಚೂರು ಬೆಲ್ಲ. ಅವರು ನೀರು ಕುಡಿದು, ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡು, ತಂಬಿಗೆಯನ್ನು ಕೆಳಗಿಟ್ಟ ಮೇಲೆ ಮಳೆಯ ಮಾತು, ತೊಗರಿಯ ಮಾತು, ಎತ್ತಿನ ಮಾತು. ಬಂದ ಕೆಲಸವನ್ನು ಅವರಾಗಿಯೇ ಹೇಳಬೇಕು, ನಾವು ಕಾಯಬೇಕು. ಬಂದವರಿಗೂ ಒಂದು ಕಟ್ಟು ಇತ್ತು. ಕೆಟ್ಟ ಸುದ್ದಿ ತಂದವರು ಅದನ್ನು ಹೊಸ್ತಿಲ ಹೊರಗೆ ನಿಂತು ಹೇಳಬಾರದು, ನೀರು ಕುಡಿಯುವ ಮೊದಲು ಹೇಳಬಾರದು, ಹುಡುಗರ ಕೈಯಲ್ಲಿ ಹೇಳಿ ಕಳಿಸಬಾರದು. ಚಿಕ್ಕವನಿದ್ದಾಗ ನಾನು ಒಮ್ಮೆ ಅವ್ವನನ್ನು ಇದೆಲ್ಲ ಯಾಕೆ ಎಂದು ಕೇಳಿದ್ದೆ. ಆಕೆ ಒಲೆಯ ಮೇಲಿನ ಬೋಗುಣಿಯನ್ನು ಸೆರಗಿನಿಂದ ಹಿಡಿದು ಇಳಿಸುತ್ತಿದ್ದಳು.

"ಸುದ್ದಿ ಅಂಬೋದು ಬಿಸಿ ಪಾತ್ರಿ ಇದ್ದಂಗ, ಶರಣು. ಇಡಲಾಕ ಜಾಗಾ ಮಾಡಿ ಕೊಡಬೇಕು. ಇಲ್ಲಂದ್ರ ತಂದವನ ಕೈ ಸುಡ್ತದ."

ಆ ಮಾತು ನನಗೆ ಬಾಯಿಪಾಠ ಆಯಿತು. ಅರ್ಥ ಆಗಲು ಬಹಳ ಕಾಲ ಹಿಡಿಯಿತು. ಅರ್ಥವಾದ ಮೇಲೂ ನಾನು ಮಾಡಿದ್ದೇನು ಎಂಬುದನ್ನೇ ಈ ಅಧ್ಯಾಯದಲ್ಲಿ ಬರೆಯಬೇಕೆಂದಿದ್ದೇನೆ.

ನನ್ನ ಮೊದಲ ನೆನಪುಗಳು ಸೇಡಂನ ಒಂದು ಓಣಿಯವು. ಮಣ್ಣಿನ ಗೋಡೆ, ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಮೂಲೆಯಲ್ಲಿ ಅರ್ಧ ಹೂತಿಟ್ಟ ನೀರಿನ ಹರವಿ. ಆ ಊರಿನಲ್ಲಿ ಯಾರಾದರೂ ಹೊಸಬರು ಬಂದು ಇಂಥವರ ಮನೆ ಎಲ್ಲಿ ಎಂದು ಕೇಳಿದರೆ ಕೈ ತೋರಿಸಿ ಕಳಿಸುವುದು ಗೊತ್ತೇ ಇರಲಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಅವರ ಕೂಡ ಹೋಗುತ್ತಿದ್ದರು. ಮನೆ ತನಗೂ ಗೊತ್ತಿಲ್ಲದಿದ್ದರೆ ಗೊತ್ತಿದ್ದವರ ಹತ್ತಿರ ಒಯ್ದು ಒಪ್ಪಿಸಿ ಬರುತ್ತಿದ್ದರು. ಎದುರು ಮನೆಯ ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಯಾರನ್ನೋ ತಹಸೀಲ ಕಚೇರಿಯ ತನಕ ಬಿಟ್ಟು ಬಂದದ್ದನ್ನು ನಾನು ನೋಡಿದ್ದೇನೆ. ಹೊಲಿಗೆಗೆ ಕೊಟ್ಟ ಅಂಗಿ ಯಾವತ್ತೂ ಹೇಳಿದ ದಿನಕ್ಕೆ ಸಿಗುತ್ತಿರಲಿಲ್ಲ, ಅದು ಬೇರೆ ಮಾತು. ಇಷ್ಟು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ನಮ್ಮ ಈ ಪ್ರೀತಿಗೂ ಒಂದು ಗೆರೆ ಇತ್ತು. ಕೆಲವರಿಗೆ ತಂಬಿಗೆ, ಕೆಲವರಿಗೆ ಬೊಗಸೆಗೆ ಮೇಲಿನಿಂದ ಹೊಯ್ಯುವ ನೀರು. ಆಗ ಅದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ಅಪ್ಪನಿಗೆ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸ ಸಿಕ್ಕಿ ನಾವು ವಾಡಿಗೆ ಬಂದೆವು. ಸೇಡಂನ ಮನೆ ಮಾರಿಹೋಯಿತು. ವಾಡಿಯ ಕ್ವಾರ್ಟರ್ಸ್ ಎಂದರೆ ಸಾಲಾಗಿ ಒಂದೇ ಅಚ್ಚಿನ ಮನೆಗಳು. ಎರಡು ಕೋಣೆ, ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು, ಹಿಂದೆ ಬಚ್ಚಲು. ಬೇಸಿಗೆಯಲ್ಲಿ ಆ ಫರಸಿಯ ಮೇಲೆ ನೀರು ಚಿಮುಕಿಸಿ ಬರಿ ಬೆನ್ನಿನಲ್ಲಿ ಮಲಗುತ್ತಿದ್ದೆವು. ಗೋಡೆಗಳ ಮೇಲೆ ಇಂಜಿನ್ನಿನ ಮಸಿ, ಒಣಹಾಕಿದ ಬಟ್ಟೆಯ ಮೇಲೆ ಮಸಿ, ಬಿಸಿ ರೊಟ್ಟಿಯ ಮೇಲೂ ಒಂದೊಂದು ಕರಿ ಚುಕ್ಕೆ. ಅಡುಗೆ ಕೋಣೆಯ ಗೂಡಿನಲ್ಲಿ ಅವ್ವ ತವರಿನಿಂದ ತಂದ ಹಿತ್ತಾಳೆಯ ಪಾತ್ರೆಗಳಿದ್ದವು. ಒಳಗೆ ಕಲಾಯಿ ಹಾಕಿಸಿದ್ದರಿಂದ ಅವು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಪುಂಡಿಪಲ್ಯ ಹುಳಿ, ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಅದನ್ನು ಮಾಡಿದರೆ ಕಿಲುಬು ಬಿಟ್ಟು ವಿಷವಾಗುತ್ತದೆ. ಚಿಂಚೋಳಿಯ ಆಚೆ ಅವ್ವನ ತವರೂರಿನಲ್ಲಿ ಕಲಾಯಿ ಹಾಕುವ ಮಹಬೂಬ ಸಾಬ ಎಂಬವನಿದ್ದನು. ಅವ್ವ ಅವನ ಹೆಸರನ್ನು ಆಗಾಗ ಹೇಳುತ್ತಿದ್ದಳು. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರಂತೆ. ನಾನು ಅವನನ್ನು ನೋಡಿರಲಿಲ್ಲ. ನಾವು ಊರಿಗೆ ಹೋದಾಗಲೆಲ್ಲ ಅವನು ಪಾತ್ರೆಗಳ ಬೆನ್ನು ಹತ್ತಿ ಊರೂರು ತಿರುಗುತ್ತಿರುತ್ತಿದ್ದನು. ಬೆಂಕಿ ಊದುವ ಅವನ ತಿದಿ ವಾಡಿಯ ತನಕ ಇನ್ನೂ ಬಂದಿರಲಿಲ್ಲ, ಅವ್ವ ಪಾತ್ರೆಗಳನ್ನು ತವರಿನಲ್ಲಿಯೇ ಬಿಟ್ಟು ಬಂದು ಕಲಾಯಿ ಹಾಕಿಸುತ್ತಿದ್ದಳು.

ವಾಡಿ ಜಂಕ್ಷನ್. ಸೊಲ್ಲಾಪುರದ ಕಡೆಯವರು, ಗುಂತಕಲ್ಲಿನ ಕಡೆಯವರು, ಹೈದರಾಬಾದಿಗೆ ಹೋಗುವವರು ಎಲ್ಲರೂ ಅಲ್ಲಿ ಇಳಿದು ಇನ್ನೊಂದು ಗಾಡಿಗೆ ಕಾಯುವವರೇ. ಕಾಯುವವರು ಬಿಸಿಲಿಗೆ ನಮ್ಮ ಸಾಲಿನ ಬೇವಿನ ಗಿಡದ ಕೆಳಗೆ ಬಂದು ಕೂಡುತ್ತಿದ್ದರು. ಅವ್ವ ಸೇಡಂನ ಪದ್ಧತಿಯನ್ನು ಇಲ್ಲಿಯೂ ಬಿಡಲಿಲ್ಲ. ನೀರು ಕೊಡುವಳು, ಕೂಸು ಇದ್ದವರಿಗೆ ಹಾಲು ಕಾಸಿಕೊಡುವಳು. ಒಂದು ದಿನ ಒಬ್ಬ ನೀರು ಕುಡಿದು ತಂಬಿಗೆಯ ಸಮೇತ ಗಾಡಿ ಹತ್ತಿ ಹೋದನು. ಆ ದಿನ ಮನೆಯಲ್ಲಿ ಜಗಳ.

"ಇದು ಸೇಡಂ ಅಲ್ಲ, ಜಂಕ್ಷನ್" ಎಂದು ಅಪ್ಪ ರೇಗಿದನು. "ಇಲ್ಲಿ ಬಂದವರಿಗೆಲ್ಲ ನೀರ ಕೊಡ್ತೀನಂದ್ರ ಭಾವಿ ಬತ್ತತದ."

"ಬತ್ತಲಿ."

"ತಂಬಿಗಿ ಒಯ್ದನಲ್ಲ, ಅವ ಏನ್ ನಿಮ್ಮಣ್ಣನೇನು?"

"ತಂಬಿಗಿ ಕದ್ದವಗೂ ನೀರಡಿಕಿ ಆಗ್ತದ" ಎಂದಳು ಅವ್ವ. "ಹಾದ್ಯಾಗ ಕುಡಿಲಾಕ ಅವಗರ ಒಂದು ತಂಬಿಗಿ ಆಯ್ತು."

ಅಪ್ಪ ಸಿಟ್ಟಿನಲ್ಲಿ ಉಣ್ಣಲು ಕುಳಿತವನು ನಕ್ಕುಬಿಟ್ಟನು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಅವ್ವನ ಮಾತಲ್ಲ. ಇದು ಸೇಡಂ ಅಲ್ಲ ಎಂಬ ಅಪ್ಪನ ಮಾತು.

ಅದೇ ದಿನಗಳಲ್ಲಿ ನಮ್ಮ ಎದುರಿನ ಮನೆಗೆ ಮೈಸೂರಿನ ಕಡೆಯ ಒಂದು ಸಂಸಾರ ಬಂತು. ಗಂಡ ಸ್ಟೇಷನ್ನಿನಲ್ಲಿ ಗುಮಾಸ್ತರು. ಹೆಂಡತಿ ಕಮಲಮ್ಮ. ಅವರ ಮನೆಯ ಬಾಗಿಲು ಯಾವಾಗಲೂ ಮುಂದಕ್ಕೆ ಸರಿಸಿಯೇ ಇರುತ್ತಿತ್ತು. ಯಾರು ಬಂದರೂ ಅವರು ಬಾಗಿಲನ್ನು ಒಂದು ಗೇಣು ತೆರೆದು, ಬಹಳ ಮೆತ್ತಗೆ, ಯಾರು ಬೇಕಾಗಿತ್ತು ಎನ್ನುತ್ತಿದ್ದರು. ನಮ್ಮ ಸಾಲಿನ ಹೆಂಗಸರಿಗೆ ಅದು ಸೊಕ್ಕಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಅವರ ಮಾತು ನಮ್ಮ ಕನ್ನಡ ಪಾಠದ ಪುಸ್ತಕದಂತೆಯೇ ಇತ್ತು. ಶಾಲೆಯಲ್ಲಿ ನಾವು 'ಹೋಗ್ಯಾನ', 'ಬರಲಾಕತ್ತಾನ' ಎಂದರೆ ಹೊಸ ಮಾಸ್ತರರು ಹಲ್ಲು ಕಿರಿಯುತ್ತಿದ್ದರು. ಕಮಲಮ್ಮ ನಗುತ್ತಿರಲಿಲ್ಲ. ಸಂಜೆ ನನ್ನನ್ನು ಜಗಲಿಯಲ್ಲಿ ಕೂಡಿಸಿಕೊಂಡು, ಒಂದು ಲೆಕ್ಕ ನನಗೆ ತಿಳಿಯುವವರೆಗೆ ಎಷ್ಟು ಸಲ ಬೇಕಾದರೂ ಹೇಳಿಕೊಡುತ್ತಿದ್ದರು. ಅಂಥ ತಾಳ್ಮೆಯನ್ನು ನಾನು ನಮ್ಮವರಲ್ಲಿ ಕಂಡಿರಲಿಲ್ಲ. ಅಪ್ಪ ಎರಡನೆಯ ಸಲಕ್ಕೇ ಕಿವಿ ಹಿಂಡುತ್ತಿದ್ದನು. ಪರಿಚಯವಿಲ್ಲದ ಊರು, ಪರಿಚಯವಿಲ್ಲದ ಮಾತು, ಗಂಡ ಹಗಲೆಲ್ಲ ಕೆಲಸದ ಮೇಲೆ, ಬಾಗಿಲ ಮುಂದೆ ದಿನಕ್ಕೊಬ್ಬ ಹೊಸ ಗಂಡಸು. ಆ ತಾಯಿ ಹೆದರಿದ್ದರು ಎಂಬುದು ನನಗೆ ಈಗ ತಿಳಿಯುತ್ತದೆ. ಆಗ ನಾನು ಅವರ ಹೆದರಿಕೆಯನ್ನೇ ನಾಗರಿಕತೆ ಎಂದುಕೊಂಡೆ. ಬೇಡದವರು ಬಂದರೆ ಮನೆಯಲ್ಲಿ ಯಾರೂ ಇಲ್ಲ, ಊರಿಗೆ ಹೋಗಿದ್ದಾರೆ ಎಂದು ಹೇಳಿಬಿಡುವುದನ್ನೂ ಅಲ್ಲಿಯೇ ಕಲಿತೆ. ಅದನ್ನು ಅವರು ನನಗೆ ಕಲಿಸಲಿಲ್ಲ, ನಾನಾಗಿಯೇ ನೋಡಿ ಕಲಿತೆ.

ಆ ದಿನ ಅಪ್ಪ ಡ್ಯೂಟಿಗೆ ಹೋಗಿದ್ದನು. ಅವ್ವ ಜೋಳದ ಬುಟ್ಟಿ ಹೊತ್ತು ಹಳಿಯ ಆಚೆ ಗಿರಣಿಗೆ ಹೋಗಿದ್ದಳು. ಶಾಲೆಗೆ ಸೂಟಿಯ ಕಾಲ, ಮಧ್ಯಾಹ್ನದ ಬಿಸಿಲು. ನಾನು ಒಳಗೆ ಫರಸಿಯ ಮೇಲೆ ಬೋರಲು ಮಲಗಿ ಕಮಲಮ್ಮ ಕೊಟ್ಟ ಮಾಸಪತ್ರಿಕೆ ಓದುತ್ತಿದ್ದೆ. ಎದುರು ಜಗಲಿಯಲ್ಲಿ ಅವರು ಅಕ್ಕಿ ಆರಿಸುತ್ತಿದ್ದರು. ಬಾಗಿಲಲ್ಲಿ ನೆರಳು ಬಿತ್ತು. ಲುಂಗಿ ಉಟ್ಟ, ಗಡ್ಡ ಬಿಟ್ಟ ಒಬ್ಬ ಮನುಷ್ಯ. ಕಾಲು ಮೊಳಕಾಲಿನ ತನಕ ಧೂಳು. ಕೈಗಳು ಮಾತ್ರ ಕಪ್ಪಗೆ, ಉಗುರಿನ ಸಂದಿಯಲ್ಲೆಲ್ಲ ಮಸಿ.

"ಬಸಮ್ಮನ ಮನಿ ಇದೇ ಏನಪ್ಪ?"

ಆ ಪ್ರಶ್ನೆಯಲ್ಲಿಯೇ ಎಲ್ಲವೂ ಇತ್ತು. ವಾಡಿಯಲ್ಲಿ ನಮ್ಮ ಮನೆಗೆ ಅಪ್ಪನ ಹೆಸರು ಹಿಡಿದು ಬರುವವರೇ ಎಲ್ಲ. ಅವ್ವನ ಹೆಸರು ಹಿಡಿದು ಕೇಳುವವರು ಅವಳ ತವರಿನವರಲ್ಲದೆ ಮತ್ತಾರೂ ಅಲ್ಲ. ಅಷ್ಟು ತಿಳಿಯದ ವಯಸ್ಸೇನೂ ನನ್ನದಾಗಿರಲಿಲ್ಲ. ಆದರೆ ಎದುರು ಜಗಲಿಯಿಂದ ಕಮಲಮ್ಮ ನೋಡುತ್ತಿದ್ದರು. ನಾನು ಎದ್ದು ಬಾಗಿಲನ್ನು ಅರ್ಧ ಸರಿಸಿ, ಅವರ ಧಾಟಿಯಲ್ಲಿಯೇ ಹೇಳಿದೆ.

"ಯಾರು ಬೇಕಾಗಿತ್ತು? ಏನು ಕೆಲಸ?"

ಅವನು ಒಂದು ಗಳಿಗೆ ನನ್ನ ಮುಖ ನೋಡಿದನು.

"ಏನಿಲ್ಲಪ್ಪ. ಇದೇ ಹಾದಿಗಿ ಬಂದಿದ್ದೆ. ಅವ್ವ ಅದಾಳೇನು?"

"ಮನೆಯಲ್ಲಿ ಇಲ್ಲ. ಊರಿಗೆ ಹೋಗಿದ್ದಾರೆ."

"ಯಾವೂರಿಗಿ?"

"ಸೇಡಂಗೆ."

ಬಾಯಿಗೆ ಬಂದ ಊರು ಅದು. ಅವನು ತಲೆಯಾಡಿಸಿದನು, ಆದರೆ ಹೋಗಲಿಲ್ಲ. ಹೊಸ್ತಿಲಿನ ಒಳಗೆ ಕಾಣುತ್ತಿದ್ದ ಹರವಿಯ ಕಡೆಗೆ ಅವನ ಕಣ್ಣು ಹೋಯಿತು.

"ಜರಾ ನೀರ ಸಿಗ್ತಾವೇನಪ್ಪ?"

ಅವನ ನಾಲಿಗೆ ಒಣಗಿತ್ತು ಎಂಬುದು ಮಾತಿನಲ್ಲಿಯೇ ತಿಳಿಯುತ್ತಿತ್ತು. ಆದರೆ ಅವನು ಬರಿ ನೀರು ಕೇಳುತ್ತಿರಲಿಲ್ಲ. ಒಳಗೆ ಬಂದು ಕೂಡಲು, ಕೈಯಲ್ಲಿದ್ದ ಬಿಸಿ ಪಾತ್ರೆಯನ್ನು ಇಳಿಸಲು ಜಾಗ ಕೇಳುತ್ತಿದ್ದನು. ತಂಬಿಗೆ ಕದ್ದವನ ಕಥೆ ನನ್ನ ತಲೆಯಲ್ಲಿತ್ತು, ಈ ಮಸಿಯ ಕೈಗಳು ಕಣ್ಣ ಮುಂದೆ ಇದ್ದವು. ನಾನು ಕೈಯೆತ್ತಿ ಸ್ಟೇಷನ್ನಿನ ಕಡೆ ತೋರಿಸಿದೆ.

"ಅಲ್ಲಿ ನಲ್ಲಿ ಇದೆ."

"ಆಯ್ತಪ್ಪ" ಎಂದನು. ಇಷ್ಟೇ. ಬಾಗಿಲು ಹಾಕಿದ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತದ್ದು ಸಂದಿಯಿಂದ ಕಾಣಿಸಿತು. ಆಮೇಲೆ ನೆರಳು ಸರಿದು ಬೆಳಕು ಬಂತು. ಎದುರಿನಿಂದ ಕಮಲಮ್ಮ, "ಜಾಣ ಕಣೋ. ಒಬ್ಬನೇ ಇದ್ದಾಗ ಹಾಗೇ ಮಾಡಬೇಕು" ಎಂದರು. ನನಗೆ ಬಹಳ ಹಿಗ್ಗಾಯಿತು. ಅವ್ವ ಹಿಟ್ಟಿನ ಬುಟ್ಟಿ ಇಳಿಸುತ್ತ ಯಾರರ ಬಂದಿದ್ದರೇನು ಎಂದು ದಿನದಂತೆ ಕೇಳಿದಳು. ಇಲ್ಲ ಎಂದೆ. ಸೇಡಂನ ಕಡೆಗೆ ಹೋಗುವ ಗಾಡಿ ಆಗಷ್ಟೇ ಸೀಟಿ ಹಾಕಿ ಹೊರಟಿತ್ತು.

ಮರುದಿನವೋ ಅದರ ಮರುದಿನವೋ ಸೋದರಮಾವ ಬಂದನು. ಅವನು ಕೂಡಲಿಲ್ಲ, ನೀರು ಮುಟ್ಟಲಿಲ್ಲ. ಹೊಸ್ತಿಲಲ್ಲಿ ನಿಂತೇ ಹೇಳಿದನು. ಅವನು ಹಾಗೆ ನಿಂತದ್ದನ್ನು ನೋಡಿಯೇ ಅವ್ವನಿಗೆ ತಿಳಿದುಹೋಯಿತು.

"ಆಯಿ ಹೋದ್ಳು ಬಸಮ್ಮ, ನಮ್ಮ ಹಡೆದವ್ವ ಹೋದ್ಳು. ಮಣ್ಣ ಮಾಡಿ ಬಂದೀನಿ. ಎರಡು ದಿನಾ ಜೀವ ಹಿಡಕೊಂಡು ಬಾಗಲಾ ನೋಡಿದ್ಳು. ಬಸವ್ವ ಬಂದ್ಳೇನು, ಬಸವ್ವ ಬಂದ್ಳೇನು. ಮಹಬೂಬನ ಕಳಿಸಿದ್ದೆವಲ್ಲ. ನೀ ಯಾಕ ಬರಲಿಲ್ಲ?"

"ಯಾರು ಬಂದಾರ?" ಎಂದಳು ಅವ್ವ. "ಯಾರೂ ಬಂದಿಲ್ಲ. ಶರಣು ಮನ್ಯಾಗೇ ಇದ್ದ. ಕೇಳು ಬೇಕಾರ."

ಮಾವ ನನ್ನ ಕಡೆ ನೋಡಿದನು. ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಕಪ್ಪು ಕೈಗಳು ಯಾರವೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಅವ್ವ ಅಳಲು ಶುರುಮಾಡಿದಳು. ಸಾಲಿನ ಹೆಂಗಸರೆಲ್ಲ ಕೈಯ ಕೆಲಸ ಬಿಟ್ಟು ಒಳಗೆ ನುಗ್ಗಿದರು, ಯಾರೋ ಒಲೆ ಹಚ್ಚಿದರು, ಯಾರೋ ಅವ್ವನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಕಮಲಮ್ಮನೂ ಬಂದರು. ಒಂದು ಲೋಟದಲ್ಲಿ ಕಾಫಿ ಹಿಡಿದು ಹೊಸ್ತಿಲ ಹೊರಗೆ ನಿಂತರು. ಅವರಿಗೆ ಕರೆಯದೆ ಒಳಗೆ ಬಂದು ಗೊತ್ತಿಲ್ಲ, ನಮ್ಮವರಿಗೆ ಸಾವಿನ ಮನೆಗೆ ಯಾರನ್ನಾದರೂ ಕರೆಯಬೇಕೆಂದು ಗೊತ್ತಿಲ್ಲ. ಕಾಫಿ ಆರಿ ಕೆನೆಗಟ್ಟುವವರೆಗೂ ಅವರು ಅಲ್ಲಿಯೇ ನಿಂತಿದ್ದರು. ಕಣ್ಣಲ್ಲಿ ನೀರು ಇತ್ತು. ಕೊನೆಗೆ ನನ್ನನ್ನು ಹತ್ತಿರ ಕರೆದು, "ಮೊನ್ನೆ ಯಾರೋ ಬಂದಿದ್ದರಲ್ಲ ಪುಟ್ಟ, ಅವರೇನಾದರೂ..." ಎಂದರು.

"ಅಲ್ಲ, ಅವರು ಬೇರೆ" ಎಂದೆ.

ಅವರು ನಂಬಿದರು. ಅಷ್ಟು ತಾಳ್ಮೆಯಿಂದ ನನಗೆ ಲೆಕ್ಕ ಹೇಳಿಕೊಟ್ಟವರು ನನ್ನನ್ನು ನಂಬದೆ ಏನು ಮಾಡಿಯಾರು?

ನಾವು ಸೇಡಂ ತನಕ ಗಾಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಹೋದೆವು. ಆಯಿಯನ್ನು ಹೂತ ಹೊಲದಲ್ಲಿ ಮಣ್ಣು ಇನ್ನೂ ಕೆಂಪಗೆ ಹಸಿಯಾಗಿತ್ತು. ಅವ್ವ ಅದರ ಮೇಲೆ ಅಂಗೈ ಊರಿ ಕುಳಿತಳು. ಅವಳನ್ನು ಎಬ್ಬಿಸಿ ಮನೆಗೆ ಕರೆದುಕೊಂಡು ಬಂದಾಗ ಅಂಗಳದಲ್ಲಿ ಮಹಬೂಬ ಸಾಬ ನಿಂತಿದ್ದನು. ಅವನೂ ಆಗಷ್ಟೇ ಊರು ಮುಟ್ಟಿದ್ದನಂತೆ. ಅದೇ ಲುಂಗಿ, ಅದೇ ಕೈಗಳು. ನಾನು ಅವ್ವನ ಸೆರಗಿನ ಹಿಂದೆ ಇದ್ದೆ. ಅವನ ಕಣ್ಣು ಮೊದಲು ನನ್ನ ಮೇಲೆ ಬಿತ್ತು. ಗುರುತು ಸಿಕ್ಕಿದ್ದು ನನಗೆ ಕಾಣಿಸಿತು. ಮಾವ ಕೇಳುವ ಮೊದಲೇ ಅವ್ವ ಕೇಳಿದಳು.

"ಮಹಬೂಬಣ್ಣ, ಯಾಕ ಬರಲಿಲ್ಲ?"

ಅವನು ನನ್ನಿಂದ ಕಣ್ಣು ತೆಗೆದು ನೆಲ ನೋಡಿದನು.

"ಬಂದಿದ್ದೆ ತಂಗಿ. ಮನಿ ಸಿಗಲಿಲ್ಲ. ಅಲ್ಲಿ ಎಲ್ಲಾ ಮನಿ ಒಂದೇ ಥರ ಅವ."

"ಐದೂರ ಬಾಗಲಾ ತಿರುಗಿ ಉಂಬವ ನೀ" ಎಂದಳು ಅವ್ವ. ಅವಳ ದನಿ ಏರಲಿಲ್ಲ. "ನನ್ನ ಬಾಗಲೊಂದೇ ಸಿಗಲಿಲ್ಲೇನು?"

"ತಪ್ಪಾಯ್ತು ತಂಗಿ."

"ಸೇಡಂದಾಗ ಇಳಿದು ಸಿಂದಿ ಅಂಗಡಿ ಸಿಕ್ಕಿರಬೇಕು" ಎಂದು ಹಿಂದಿನಿಂದ ಯಾರೋ ಅಂದರು. ಒಬ್ಬಿಬ್ಬರು ಹೂಂಗುಟ್ಟಿದರು. ಮಹಬೂಬ ಸಾಬ ಸಿಂದಿಯ ನೆರಳನ್ನೂ ತುಳಿಯದವನು, ಐದು ಹೊತ್ತು ನಮಾಜು ಮಾಡುವವನು. ಅವನು ಅದಕ್ಕೂ ಮಾತಾಡಲಿಲ್ಲ. ನಾನು ಆಗ ಬಾಯಿ ತೆರೆದಿದ್ದರೆ ಎರಡು ಏಟು ಬೀಳುತ್ತಿದ್ದವು, ಮೂರು ದಿನ ಯಾರೂ ಮಾತಾಡಿಸುತ್ತಿರಲಿಲ್ಲ, ಅಷ್ಟರಲ್ಲಿ ಮುಗಿದುಹೋಗುತ್ತಿತ್ತು. ನಾನು ಸೆರಗನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ಒಂದು ವರ್ಷದ ಮೇಲೆ ಮಹಬೂಬ ಸಾಬ ತಿದಿ, ಇದ್ದಲಿ, ತವರದ ಕಡ್ಡಿ ಹೊತ್ತುಕೊಂಡು ವಾಡಿಗೂ ಕಲಾಯಿ ಹಾಕಲು ಬರತೊಡಗಿದನು. ಬೇವಿನ ಕೆಳಗೆ ಕುಣಿ ತೋಡಿ ಬೆಂಕಿ ಮಾಡಿ ಕೂಗು ಹಾಕುತ್ತಿದ್ದನು. ಸಾಲಿನ ಹೆಂಗಸರೆಲ್ಲ ಪಾತ್ರೆ ತಂದು ಗುಡ್ಡೆ ಹಾಕುತ್ತಿದ್ದರು. ಮೊದಲ ಸಲ ಬಂದಾಗ ಅವನು ಬೆಂಕಿ ಹಚ್ಚುವ ಮೊದಲೇ ನಮ್ಮ ಬಾಗಿಲಿಗೆ ಬಂದನು. ಅವ್ವ ಒಳಗಿನಿಂದ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಕುಂದ್ರಣ್ಣ ಅನ್ನಲಿಲ್ಲ.

"ಏನ್ ಬೇಕಾಗಿತ್ತು?" ಎಂದಳು.

ಬಾಗಿಲಿಗೆ ಬಂದವರನ್ನು ಅವ್ವ ಹಾಗೆ ಕೇಳಿದ್ದನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಒಳಗೆ ಪುಸ್ತಕ ಹಿಡಿದು ಕುಳಿತಿದ್ದ ನನಗೆ ಅದು ನನ್ನದೇ ಮಾತು ಎನಿಸಿತು. ನನ್ನ ಬಾಯಿಂದ ಹೊರಟು ಎಲ್ಲೆಲ್ಲೋ ತಿರುಗಿ ಅವಳ ಬಾಯಿಗೆ ಬಂದು ಸೇರಿತ್ತು.

"ಏನಿಲ್ಲ ತಂಗಿ. ಪಾತ್ರಿ ಕಲಾಯಿ..."

"ನಮ್ಮವು ಛಲೋ ಅವ."

ಅವು ಚೆನ್ನಾಗಿರಲಿಲ್ಲ. ಒಳಗಿನ ಬಿಳುಪು ಸವೆದು ಹಳದಿ ಇಣುಕುತ್ತಿತ್ತು. ಬೇರೆ ಕಲಾಯಿಯವರು ಬಂದಾಗಲೂ ಅವ್ವ ಹಾಕಿಸಲಿಲ್ಲ. ತವರಿನಲ್ಲಿದ್ದಾಗಿನಿಂದ ಆ ಪಾತ್ರೆಗಳಿಗೆ ಕಲಾಯಿ ಹಾಕಿದ ಕೈ ಮಹಬೂಬ ಸಾಬನದೊಂದೇ, ಇನ್ನೊಬ್ಬರ ಕೈಗೆ ಕೊಡಲು ಅವಳಿಗೆ ಮನಸ್ಸು ಬರಲಿಲ್ಲವೋ ಏನೋ. ಜರ್ಮನ್ ಎಂದು ಕರೆಯುತ್ತಿದ್ದ ಅಲ್ಯೂಮಿನಿಯಂ ಬೋಗುಣಿಗಳನ್ನು ಸಂತೆಯಿಂದ ತಂದಳು. ಪುಂಡಿಪಲ್ಯ ಅವುಗಳಲ್ಲಿಯೇ ಆಗತೊಡಗಿತು, ರುಚಿ ಬದಲಾಯಿತು. ಹಿತ್ತಾಳೆಯ ಪಾತ್ರೆಗಳು ಗೂಡಿನಲ್ಲಿ ಹಸಿರು ಹಿಡಿದವು. ಪ್ರತಿ ವರ್ಷ ಬೇವಿನ ಕೆಳಗೆ ತಿದಿಯ ಸದ್ದು ಕೇಳಿದಾಗ ಅವ್ವ ಹೊರಗೆ ಬರುತ್ತಿರಲಿಲ್ಲ. ಹಾದಿಹೋಕರಿಗೆ ನೀರು ಕೊಡುವುದನ್ನು ಬಿಡಲಿಲ್ಲ, ಆದರೆ ಕೊಡುವ ಮೊದಲು ಈಗ ಅವರ ಮುಖವನ್ನು ಒಂದು ಕ್ಷಣ ನೋಡುತ್ತಿದ್ದಳು. ಲೋಕದಲ್ಲಿ ನಂಬಿದವರೂ ಮನೆ ಸಿಗಲಿಲ್ಲ ಎನ್ನಬಲ್ಲರು ಎಂಬುದನ್ನು ಅವಳಿಗೆ ಕಲಿಸಿದವನು ನಾನು.

ಮ್ಯಾಟ್ರಿಕ್ ಮುಗಿಸಿ ನಾನು ಶಹಾಬಾದಿನಲ್ಲಿ ಒಂದು ಕಾರಖಾನೆಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹತ್ತಿರ ಬಂದಳು, ಹಸಿರು ಹಿಡಿದ ಪಾತ್ರೆಗಳೂ ಬಂದವು. ಕಮಲಮ್ಮನವರ ಗಂಡನಿಗೆ ಎಂದೋ ವರ್ಗವಾಗಿ ಹೋಗಿತ್ತು. ಮದುವೆಯಾಗಿ ನನಗೂ ಮಗ ಹುಟ್ಟಿದ. ಅವನು ಒಂದು ದಿನ ಬಾಗಿಲಲ್ಲಿ ನಿಂತವರಿಗೆ ಅಪ್ಪ ಮನೆಯಲ್ಲಿಲ್ಲ ಎಂದು, ನಾನು ಒಳಗೇ ಇರುವಾಗ, ಬಹಳ ಚೆಂದವಾಗಿ ಹೇಳಿದ. ಮರುದಿನ ನಾನು ರಜೆ ಹಾಕಿ, ಯಾರಿಗೂ ಹೇಳದೆ ಚಿಂಚೋಳಿಯ ಬಸ್ಸು ಹತ್ತಿದೆ. ಮಹಬೂಬ ಸಾಬನ ಕಾಲು ಹಿಡಿಯಬೇಕು, ಆಮೇಲೆ ಬಂದು ಅವ್ವನಿಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ.

ಅವನು ಮುದುಕನಾಗಿದ್ದನು. ಕಣ್ಣಿಗೆ ಪೊರೆ ಬಂದಿತ್ತು. ಅಂಗಳದ ಹೊರಸಿನ ಮೇಲೆ ಕುಳಿತಿದ್ದವನು ನನ್ನ ದನಿ ಕೇಳಿ, "ಬಸಮ್ಮನ ಮಗ?" ಎಂದನು. ನಾನು ನಿಂತಲ್ಲಿಯೇ ಶುರುಮಾಡಲು ಹೋದೆ.

"ಕಾಕಾ, ನಾ ಒಂದು ಮಾತು..."

"ಕುಂದ್ರು ಮೊದಲ" ಎಂದು ಹೊರಸನ್ನು ತಟ್ಟಿ, ಒಳಗೆ ಸೊಸೆಗೆ ನೀರು ತರಲು ಹೇಳಿದನು. "ಬಿಸಲಾಗ ಬಂದಿ. ನೀರ ಕುಡಿ. ಮಾತೆಲ್ಲಿ ಓಡಿ ಹೋಗ್ತಾವ?"

ಹೊಳೆಯುವ ಕಲಾಯಿಯ ಲೋಟ, ಜೊತೆಗೊಂದು ಬೆಲ್ಲದ ಚೂರು. ಕುಡಿದೆ. ಮಳೆಯ ಮಾತಾಯಿತು, ತೊಗರಿಯ ಮಾತಾಯಿತು. ಈಗೆಲ್ಲ ಸ್ಟೀಲು ಬಂದು ಕಲಾಯಿಯನ್ನು ಕೇಳುವವರಿಲ್ಲ, ತಿದಿಯ ತೊಗಲನ್ನು ಇಲಿ ತಿಂದವು ಎಂದು ನಕ್ಕನು. ಆಮೇಲೆ ತಾನು ತಿರುಗಿದ ಊರುಗಳ ಮಾತಿಗೆ ಬಂದನು.

"ನಮ್ಮ ಚಿಂಚೋಳಿ ಕಡಿ ಮಂದಿ ಮೊದಲ ಬೈತಾರ, ಆಮ್ಯಾಲ ರೊಟ್ಟಿ ಕೊಡ್ತಾರ. ಚಿತ್ತಾಪುರದವರು ರೇಟಿಗಿ ಜೀವಾ ತಿಂತಾರ, ಆದ್ರ ನೆಳ್ಳಾಗ ಕುಂದ್ರಿಸಿ ತಿಂತಾರ. ನಿಮ್ಮ ಶಹಾಬಾದ ಹಂಗಲ್ಲ. ಕಾರಖಾನಿ ಭೋಂಗಾ ಕೂಗಿತಂದ್ರ ಅಣ್ಣ ತಮ್ಮಗ ಗುರ್ತ ಹಿಡಿಯಲ್ಲ, ಭೋಂಗಾ ಇಲ್ಲದಾಗ ಅವರಂಥ ಮಂದಿ ಇಲ್ಲ."

"ವಾಡಿ?" ಎಂದು ಕೇಳಿದೆ. ಕೇಳದಿರಲು ಆಗಲಿಲ್ಲ.

"ವಾಡಿ ಏನ್ ಮಾಡ್ತದ, ಪಾಪ. ಅಲ್ಲಿ ಎಲ್ಲಾರೂ ಗಾಡಿಗಿ ಬಂದವರೇ. ನಿಂತವಗ ಕುಂದ್ರು ಅನ್ನಬೇಕಂದ್ರ, ಅನ್ನಾವ ಮೊದಲ ತಾ ಕುಂತಿರಬೇಕಲ್ಲ." ಕೋಲನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದನು. "ಸೇಡಂ ಮಂದೀನ ಮರೀಲಾಕ ಆಗಲ್ಲ ನೋಡು. ಒಮ್ಮಿ ಅಲ್ಲಿ ಒಬ್ಬಾಕಿನ ಹುಡುಕಲಾಕ ಹೋಗಿದ್ದೆ. ಆಕಿ ಊರಾಗೇ ಇರಲಿಲ್ಲ. ಆದ್ರ ಓಣಿ ಮಂದಿ ಕೈ ಬಿಡಲಿಲ್ಲ. ಒಬ್ಬ ದರ್ಜಿ ಅಂತೂ ಹೊತ್ತು ಮುಳುಗೋತನಾ ನನ್ನ ಕೂಡ ಮನಿ ಮನಿ ತಿರುಗಿದ. ಇಲ್ಲದ ಮನಷ್ಯಾಳನ ಹುಡುಕಿ ಕೊಡಲಾಕ. ಎಂಥ ಮಂದಿ."

ಅವನು ಅದನ್ನು ಸೇಡಂನ ಹೊಗಳಿಕೆಯಾಗಿಯೇ ಹೇಳಿದನು. ಮಾತಿನಲ್ಲಿ ಮುಳ್ಳಿರಲಿಲ್ಲ. ನಾನು ಬಾಯಿಗೆ ಬಂದಂತೆ ಹೇಳಿದ ಊರಿನಲ್ಲಿ ಅವನು ಹೊತ್ತು ಮುಳುಗುವ ತನಕ ನನ್ನ ಅವ್ವನನ್ನು ಹುಡುಕಿದ್ದನು. ಅದು ನನಗೆ ಅಂದೇ ಗೊತ್ತಾದದ್ದು. ಅವನು ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ಇಟ್ಟು ಸುಮ್ಮನೆ ಕುಳಿತನು. ನೀರು ಕುಡಿದಾಗಿತ್ತು, ಮಳೆಯ ಮಾತು ಮುಗಿದಿತ್ತು. ಇನ್ನು ನನ್ನ ಸರದಿ. ಅವನು ಕೇಳುವಂತಿಲ್ಲ, ಕಾಯಬೇಕು. ಅವನು ಕಾದನು. ಅಂಥ ಪುರುಸೊತ್ತನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

"ಮುಂದಿನ ಬಸ್ಸು ಯಾವಾಗ ಅದ ಕಾಕಾ?" ಎಂದೆ.

ಅವನು ಕೋಲು ಹಿಡಿದು ಎದ್ದನು. ಬೇಡವೆಂದರೂ ಬಿಡದೆ ಬಸ್ಸು ನಿಲ್ಲುವ ಆಲದ ಗಿಡದ ತನಕ ನನ್ನ ಕೂಡ ನಡೆದು ಬಂದನು. ಹತ್ತುವಾಗ ನನ್ನ ತೋಳು ಹಿಡಿದು ಹೇಳಿದನು.

"ತಂಗಿಗಿ ಸಲಾಮ ಹೇಳು. ಪಾತ್ರಿ ಕಲಾಯಿ ಹೋಗಿರಬೇಕು. ಕಣ್ಣಿಗಿ ಕಾಣಲ್ಲ ಖರೆ, ಕೈಗಿ ಇನ್ನಾ ಗೊತ್ತದ. ಬಾ ಅಂದ್ರ ಬರ್ತೀನಿ, ಕೇಳು."

ಅವನು ಆ ಮಳೆಗಾಲ ದಾಟಲಿಲ್ಲ. ಅವ್ವನೂ ಹೋಗಿ ಬಹಳ ವರ್ಷಗಳಾದವು. ಪಾತ್ರೆಗಳು ಈಗಲೂ ನನ್ನ ಅಟ್ಟದ ಮೇಲಿವೆ. ಆದರೆ ನಾನು ಮನೆಗೆ ಮರಳಿದ ಆ ಸಂಜೆ ಇಬ್ಬರೂ ಇದ್ದರು. ಅವನು ಅಲ್ಲಿ ಒಂದು ಮಾತಿಗೆ ಕಾಯುತ್ತಿದ್ದನು, ಇವಳು ಇಲ್ಲಿ ನನ್ನ ಬಾಗಿಲಲ್ಲಿ ಕುಳಿತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು, ಬೆಲ್ಲ ತಂದಳು. ನಾನು ಕುಡಿಯುವಾಗ ನನ್ನ ಅಂಗಿಯ ತೋಳಿನ ಧೂಳನ್ನು ಕೈಯಿಂದ ಝಾಡಿಸಿದಳು, ಝಾಡಿಸಿ ಅಂಗೈ ನೋಡಿಕೊಂಡಳು. ಶಹಾಬಾದಿನ ಧೂಳು ಬಿಳಿ. ಅವಳ ಅಂಗೈಯಲ್ಲಿದ್ದದ್ದು ಕೆಂಪು, ಅವಳ ತವರಿನ ಮಣ್ಣು. ಅದು ಅವಳಿಗೆ ಗುರುತು ಸಿಗದೆ ಇರಲು ಸಾಧ್ಯವಿರಲಿಲ್ಲ. ಎದುರಿಗೆ ಕುಳಿತಳು.

"ಆ ಕಡಿ ಮಳಿ ಆಗ್ಯಾದೇನು?" ಎಂದಳು.

"ಇನ್ನಾ ಇಲ್ಲ."

ಅವ್ವ ತಲೆಯಾಡಿಸಿದಳು. ಸೆರಗಿನ ಅಂಚನ್ನು ಮಡಚಿ ಬಿಚ್ಚುತ್ತ ಕುಳಿತಳು. ನಾನು ತಂಬಿಗೆಯನ್ನು ಕೆಳಗಿಟ್ಟೆ. ಕಾರಖಾನೆಯ ಭೋಂಗಾ ಕೂಗಿತು, ಪಾಳಿ ಬಿಟ್ಟ ಸೈಕಲ್ಲುಗಳು ಬಾಗಿಲ ಮುಂದೆ ಹಾದು ಹೋದವು, ರಸ್ತೆ ಮತ್ತೆ ಸುಮ್ಮನಾಯಿತು.

"ಏನಿಲ್ಲವ್ವ" ಎಂದೆ. "ಇದೇ ಹಾದಿಗಿ ಹೋಗಿದ್ದೆ."

ಅವಳು ಕೂಡಲೇ ಏಳಲಿಲ್ಲ. ತಂಬಿಗೆಯನ್ನು ಎತ್ತಿಕೊಂಡು, ಅದರ ತಳವನ್ನು ನೋಡಿ, ನನ್ನ ಮುಖ ನೋಡಿದಳು.

"ಇನ್ನೊಂದೀಟು ನೀರ ಕುಡೀತಿಯೇನು?"

"ಸಾಕು" ಎಂದೆ.